ಹಿಟ್ಟು ತಿರುವುವ ಕೈ

ಕಬ್ಬಿನ ಹೊರೆ ಹೊತ್ತು ಬದುವಿನ ಮೇಲೆ ಬರುವಾಗ ಜಾರಿ ಬಿದ್ದೆ. ಬಲಗೈ ಮೈಯ ಕೆಳಗೆ ಮಡಿಚಿಕೊಂಡಿತು. ಯುದ್ಧದ ಕಾಲ ಅದು. ಮದ್ದೂರಿನ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದು ಹೆಚ್ಚು ದಿನ ಆಗಿರಲಿಲ್ಲ. ಸೊಪ್ಪು ಅರೆದು ಪಟ್ಟು ಹಾಕಿದರು, ಊತ ಇಳಿಯಿತು. ಮಣಿಕಟ್ಟಿಗೆ ಮಾತ್ರ ಬಲ ಬರಲಿಲ್ಲ. ಕೋಲು ಹಿಡಿದು ರಾಗಿಹಿಟ್ಟು ತಿರುವಲು ಹೋದರೆ ಕೈ ಸೋಲುತ್ತಿತ್ತು. ಮುದ್ದೆಯ ತುಂಬ ಗಂಟು.

ಅತ್ತೆ ಮುದ್ದೆ ಮುರಿದು ಮಗನಿಗೆ ತೋರಿಸಿದಳು. "ಇಟ್ಟು ತಿರುವಕ್ಕಾಗ್ದೋಳ್ನ ಮಡಿಕಂಡು ಏನ್ಲಾ ಮಾಡೀಯೆ? ಅವ್ಳಪ್ಪನ ಮನೆಗೆ ಕಳ್ಸು. ನಮ್ಮಣ್ಣನ ಮಗಳವಳೆ, ತಂದ್ಕೊ."

ನನ್ನ ಗಂಡ ಹೂಂ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಅಂಥ ಮನುಷ್ಯ.

ಮಳವಳ್ಳಿಯಿಂದ ಅಪ್ಪ ನನ್ನನ್ನು ಕರೆದೊಯ್ಯಲು ಬಂದ. ನಾನು ಹೊರಡಲಿಲ್ಲ. ಅಪ್ಪ ಹರೆಯದಲ್ಲಿ ಗರಡಿಯಲ್ಲಿ ಕುಸ್ತಿ ಆಡಿದವನು. ನನ್ನ ಕೈ ಒತ್ತಿ ನೋಡಿದ.

"ಮೂಳೆ ನೆಟ್ಟಗದೆ ಕಣ್ಮಗ. ನರ ಸಡ್ಲ ಆಗವೆ. ಸುಮ್ಕೆ ಕಟ್ಕಂಡು ಕೂತ್ರೆ ಇನ್ನೂ ಸಡ್ಲ ಆಯ್ತವೆ. ಭಾರ ಕೊಡು. ಖಾಲಿ ಚೊಂಬು ಇಡ್ಕಂಡು ಎತ್ತು, ನಿಧಾನಕ್ಕೆ ಇಳ್ಸು. ಆಮೇಲೆ ಒಂದೊಂದು ಇಡಿ ಮರಳು ಆಕ್ತಾ ಓಗು."

"ಎಷ್ಟು ದಿನಕ್ಕೆ ವಾಸಿಯಾದದು?"

"ತೋಳಿನ ಮಾಂಸಖಂಡ ಬ್ಯಾಗ್ನೆ ಬಲಿತದೆ, ಮಣಿಕಟ್ಟಿನ ನರ ತಡ. ತೋಳು ಆಯ್ತು ಅಂದ್ರೂ ನೀನು ಮಣಿಕಟ್ಟ ಕೇಳು."

ಜಗಲಿಯ ಮೇಲೆ ಮುಂಗೈ ಊರಿ, ಚೊಂಬಿನ ಕತ್ತು ಹಿಡಿದು ಎತ್ತಿ ಇಳಿಸತೊಡಗಿದೆ.

"ಏನವ್ವ, ಚೊಂಬಿನ ಕುಟೆ ಕುಸ್ತಿಯಾ? ಯಾರು ಗೆದ್ರು?" ಎಂದಳು ಅತ್ತೆ.

"ಇನ್ನೂ ಮುಗ್ದಿಲ್ಲ ಕಣತ್ತೆ, ನೋಡ್ತಿರಿ," ಎಂದೆ.

ತೋಳು ಗಟ್ಟಿಯಾಯಿತು. ಇನ್ನೇನು ಎಂದು ತುಂಬಿದ ಕೊಡ ಎತ್ತಿದೆ. ಮಣಿಕಟ್ಟು ಮತ್ತೆ ಊದಿಕೊಂಡಿತು. ಇದೇ ಸಮಯವೆಂದು ಅತ್ತೆ ತನ್ನ ಅಣ್ಣನಿಗೆ ಹೇಳಿ ಕಳಿಸಿದಳು. ಭತ್ತದ ಕುಯ್ಲು ಮುಗಿಸಿ ಬಂದು ಮಾತಾಡುತ್ತೇನೆ ಎಂದು ಅವನು ಹೇಳಿದನಂತೆ. ಅಷ್ಟು ಕಾಲ ನನಗೆ ಸಿಕ್ಕಿತು. ಮರಳು ಚೆಲ್ಲಿ ಮತ್ತೆ ಖಾಲಿ ಚೊಂಬು ಹಿಡಿದೆ. ಯಾರು ನಕ್ಕರೂ ಬಿಡಲಿಲ್ಲ. ಮಣಿಕಟ್ಟು ನೋಯದೆ ಒಪ್ಪಿದ ಮೇಲೇ ಇನ್ನೊಂದು ಹಿಡಿ ಮರಳು. ಚೊಂಬು ತುಂಬಿತು, ಆಮೇಲೆ ತುಂಬಿದ ಕೊಡ ಎತ್ತಿದರೂ ಮಣಿಕಟ್ಟು ಊದಲಿಲ್ಲ.

ಕುಯ್ಲು ಮುಗಿದು ಅತ್ತೆಯ ಅಣ್ಣ ಬಂದ. ಒಲೆಯ ಮುಂದೆ ಕೂತಿದ್ದ ಅತ್ತೆಯ ಕೈಯಿಂದ ಕೋಲು ತೆಗೆದುಕೊಂಡೆ.

"ನೆಂಟ್ರ ಮುಂದೆ ಮಾನ ಕಳೀಬ್ಯಾಡ ಕಣೆ."

"ಓದ್ರೆ ನನ್ ಮಾನ ತಾನೆ? ಓಗ್ಲಿ ಬುಡಿ."

ದೊಡ್ಡ ಪಾತ್ರೆ, ಮನೆಮಂದಿಗೆಲ್ಲ ಆಗುವಷ್ಟು ಹಿಟ್ಟು. ತಿರುವಿದೆ. ಕೈ ಉರಿಯಿತು, ಸೋಲಲಿಲ್ಲ.

ಅತ್ತೆಯ ಅಣ್ಣ ಮುದ್ದೆ ಮುರಿದು ಬೆರಳಲ್ಲಿ ಹಿಸುಕಿ ನೋಡಿದ. "ಯಾರವ್ವ ತಿರುವ್ದೋರು?" ಎಂದು ತಂಗಿಯನ್ನು ಕೇಳಿದ. "ನಾನು," ಎಂದೆ.

ಅವನು ಇನ್ನೊಂದು ಮುದ್ದೆ ಹಾಕಿಸಿಕೊಂಡು ಉಂಡ. "ಇಂಥೋಳು ಮನೇಲಿರುವಾಗ ನನ್ ಮಗಳು ಇಲ್ಲಿ ಬಂದು ಏನ್ ಮಾಡಾಳು? ನಾ ಕೊಡಾಕಿಲ್ಲ," ಎಂದು ಎದ್ದು ಕೈ ತೊಳೆದ.

ಗಂಡ ಖಾಲಿ ತಟ್ಟೆ ಮುಂದಿಟ್ಟುಕೊಂಡು ನನ್ನ ಮುಖ ನೋಡಿದ.

"ನಿಂಗೂ ಕೈಯವೆ. ಆಕ್ಕೊ," ಎಂದೆ.