ಗಂಟಿನ ಮರ

ಶಾಲೆಯ ಮಕ್ಕಳು ವಾರಗಿತ್ತಿಯನ್ನು ಚಿಕ್ಕಮ್ಮ ಅನ್ನುತ್ತಿದ್ದರು, ತನ್ನನ್ನು ಮೇಡಂ. ಹಿರಿಸೊಸೆಯ ಹೊಟ್ಟೆಯುರಿ ಶುರುವಾದದ್ದೇ ಅಲ್ಲಿಂದ.

ಉರಿಯಬೇಕಾದ್ದೇ ಅನ್ನಿ. ಮರ ಕೆತ್ತುವವರ ಆ ಮನೆಗೆ ಮೊದಲು ಬಂದವಳು ಅವಳು. ಮಾವನ ಪಕ್ಕ ಕೂತು, ಬೆರಳು ಕುಯ್ದುಕೊಂಡು, ಬೈಸಿಕೊಂಡು ಉಳಿ ಹಿಡಿಯಲು ಕಲಿತವಳು. ಆಮೇಲೆ ಮೈದುನನನ್ನು ಕಟ್ಟಿಕೊಂಡು ಬಂದ ಈ ವಾರಗಿತ್ತಿಗೆ, ಉಳಿಯ ಯಾವ ತುದಿ ಹಿಡಿಯಬೇಕೆಂದೂ ತಿಳಿಯದವಳಿಗೆ, ಕೈ ಹಿಡಿದು ಕಲಿಸಿದವಳೂ ಅವಳೇ. ಮರದ ಎಳೆ ಎತ್ತ ಓಡುತ್ತದೋ ಅತ್ತ ಹೋಗು, ಎದುರು ಹೋದರೆ ಸೀಳಿಬಿಡುತ್ತದೆ ಅಂತ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದಳು.

ಈಗ ನೋಡಿದರೆ, ಮಕ್ಕಳಿಗೆ ಕೆತ್ತನೆಯ ರುಚಿ ಹತ್ತಿಸಿ ಅಂತ ಶಾಲೆಯವರು ಇಬ್ಬರನ್ನೂ ಕರೆಸಿದ್ದೇ ತಡ, ಮಕ್ಕಳೆಲ್ಲ ಹೋಗಿ ಕಿರಿಯವಳನ್ನು ಮುತ್ತಿಕೊಂಡವು. ಹಿರಿಯವಳು ಉಳಿ ಮಸೆಯುವುದನ್ನು ತೋರಿಸುವಾಗ ಆಕಳಿಸುತ್ತಿದ್ದ ಮಕ್ಕಳೇ, ಪಕ್ಕದ ಮೇಜಿನಲ್ಲಿ ಸೋಪು ಕೆತ್ತಿ ಮೊಲ ಮಾಡಿ ಕುಣಿಯುತ್ತಿದ್ದವು. ಮೊಲವಂತೆ ಮೊಲ! ಕಿವಿ ಮುರಿದರೆ ಇಲಿ.

ಅಷ್ಟರಲ್ಲಿ ಹೆಡ್‌ಮೇಡಂ ಒಂದು ಮಾತು ಹೇಳಿದರು. ಮುಂದಿನ ವರ್ಷಕ್ಕೆ ಒಬ್ಬರೇ ಸಾಕಂತೆ. ಶನಿವಾರ ಎರಡೂ ಮೇಜಿನ ಮಕ್ಕಳು ಮೊದಲ ಬಾರಿಗೆ ಮರದಲ್ಲಿ ಚಮಚ ಕೆತ್ತಲಿ, ತಾವು ಬಂದು ನೋಡಿ, ಯಾರೆಂದು ತೀರ್ಮಾನಿಸುತ್ತಾರಂತೆ.

ಮರ ಕೊಯ್ದು ತುಂಡು ಮಾಡುವ ಕೆಲಸ ಮೊದಲಿನಿಂದಲೂ ಹಿರಿಯವಳದು. ತನ್ನ ಮೇಜಿನ ಮಕ್ಕಳಿಗೆ ನೇರ ಎಳೆಯ ತುಂಡುಗಳನ್ನು ಆರಿಸಿಟ್ಟಳು. ಕಿರಿಯವಳ ಚೀಲಕ್ಕೆ ತುಂಬಿದ್ದು ಮೇಲೆ ನುಣ್ಣಗಿದ್ದು ಒಳಗೆ ಗಂಟು ಅಡಗಿಸಿಕೊಂಡವು. ಅಲ್ಲಿ ಉಳಿ ಜಾರಿ ಯಾವುದಾದರೂ ಮಗುವಿನ ಕೈ ಸೀಳಿದರೆ ಅನ್ನುವುದು ಅವಳಿಗೆ ಹೊಳೆಯಲೇ ಇಲ್ಲ. ಅಷ್ಟು ಕುರುಡಾಗಿತ್ತು ಅವಳ ಹೊಟ್ಟೆಕಿಚ್ಚು.

ಶನಿವಾರ ಕೈ ತನ್ನ ಮೇಜಿನ ಮೇಲಿದ್ದರೂ ಕಿವಿಯೆಲ್ಲ ಪಕ್ಕದ ಮೇಜಿನ ಕಡೆ. ಈಗ ಚಮಚ ಸೀಳುತ್ತದೆ, ಇನ್ನೇನು ಒಂದು ಮಗು ಅಳುತ್ತದೆ ಅಂತ ಕಾದಳು. ಯಾರೂ ಅಳಲಿಲ್ಲ. ತಿರುಗಿ ನೋಡಿದರೆ ಅಲ್ಲಿ ಮಕ್ಕಳು ಕೆತ್ತುತ್ತಿದ್ದದ್ದು ಬೇರೆಯೇ ಮರ. ಕಿರಿಯವಳು ತನ್ನ ಕೆಲಸಕ್ಕೆಂದು ಜೋಪಾನ ಮಾಡಿಟ್ಟಿದ್ದ ಹಲಗೆಯನ್ನು ಕೊಯ್ದು ತಂದಿದ್ದಳು. ಹಿರಿಯವಳು ತುಂಬಿಕೊಟ್ಟ ಚೀಲ ಮೇಜಿನ ಕೆಳಗೆ ಹಾಗೇ ಕೂತಿತ್ತು.

ಅದೇ ಹೊತ್ತಿಗೆ ಹೆಡ್‌ಮೇಡಂ ಒಳಗೆ ಬರಬೇಕೆ! ಕಿರಿಯವಳು ಎದ್ದು ಚೀಲ ತಂದು ಹಿರಿಯವಳ ಮುಂದೆ ಸುರಿದಳು. ಮುಗಿಯಿತು, ಎಲ್ಲರ ಎದುರು ಮಾನ ಹೋಯಿತು ಅಂದುಕೊಂಡಳು ಹಿರಿಯವಳು.

"ಮಕ್ಕಳೇ, ಈ ಗಂಟಿನ ಮರ ನನ್ನ ಕೈಲಿ ಆಗಲ್ಲ. ಇದಕ್ಕೆ ನಿಮ್ಮ ದೊಡ್ಡಮ್ಮನೇ ಬೇಕು. ಬನ್ನಿ, ಹೇಗೆ ಕೆತ್ತುತ್ತಾರೆ ನೋಡಿ" ಅಂದಳು ಕಿರಿಯವಳು.

ಎರಡೂ ಮೇಜಿನ ಮಕ್ಕಳು ಬಂದು ಮುತ್ತಿದವು. ಹಿರಿಯವಳು ತಾನೇ ಆರಿಸಿದ ಕೆಟ್ಟ ಮರವನ್ನು ತಾನೇ ಕೆತ್ತಬೇಕಾಯಿತು. ಕೆತ್ತಿದಳು, ಅದೂ ಸೊಗಸಾಗಿ. ಕಲಿತ ಕೈ ಎಲ್ಲಿ ಹೋಗುತ್ತದೆ? ತುಂಡನ್ನು ತಿರುಗಿಸಿ ತಿರುಗಿಸಿ, ಗಂಟನ್ನು ಬಳಸಿಕೊಂಡು ಹೋಗಿ, ಅದನ್ನು ಚಮಚದ ಹಿಡಿಯ ಮೇಲೊಂದು ಕಣ್ಣಿನ ಹಾಗೆ ಉಳಿಸಿದಳು. ಒಂದು ಮಗು ಅವಳ ಭುಜಕ್ಕೆ ಗಲ್ಲ ಊರಿ, "ದೊಡ್ಡಮ್ಮಾ, ನಂಗೂ ಹೇಳ್ಕೊಡಿ" ಅಂತು. ಇಷ್ಟು ದಿನ ಅವಳು ಬಾಯಿಬಿಟ್ಟು ಕೇಳದೆ ಹಂಬಲಿಸಿದ್ದು ಇದೇ ಮಾತಿಗೆ.

ಹೆಡ್‌ಮೇಡಂ, ಇನ್ನು ನೋಡುವುದೇನಿದೆ, ಮುಂದಿನ ವರ್ಷ ನೀವೇ ಬನ್ನಿ ಅಂದರು.

"ಅವಳನ್ನೇ ಇಟ್ಕೊಳ್ಳಿ ಮೇಡಂ. ಈ ಕೆಟ್ಟ ಮರ ಅವಳಿಗೆ ಆರಿಸಿ ಕೊಟ್ಟಿದ್ದು ನಾನೇ."

ಹೆಡ್‌ಮೇಡಂಗೆ ಮೊದಲನೆಯ ಮಾತು ಮಾತ್ರ ಕಿವಿಗೆ ಬಿತ್ತೋ ಏನೋ, ಎಂಥ ದೊಡ್ಡ ಮನಸ್ಸಮ್ಮ ನಿಮ್ಮದು ಅಂತ ಎಲ್ಲರೆದುರು ಹೊಗಳಿದರು. ಅದಕ್ಕಿಂತ ಕೆನ್ನೆಗೆ ಒಂದು ಬಾರಿಸಿದ್ದರೆ ವಾಸಿಯಿತ್ತು.

ಮನೆಗೆ ಹೋಗುವ ದಾರಿಯಲ್ಲಿ ಹಿರಿಯವಳು ಕೇಳಿಯೇಬಿಟ್ಟಳು. "ಗೊತ್ತಾಗಿದ್ದೂ ಯಾಕೆ ಸುಮ್ನಿದ್ದೆ?"

"ಎಳೆ ನೋಡು, ಎದುರು ಹೋಗ್ಬೇಡ ಅಂತ ಕಲಿಸಿದ್ದೇ ನೀವಲ್ವಾ ಅಕ್ಕ" ಅಂದು ಕಿರಿಯವಳು ಅವಳ ಕೈಯಿಂದ ಉಳಿಗಳ ಚೀಲ ಇಸಿದುಕೊಂಡಳು.

ಹೊಟ್ಟೆಯುರಿ ಆರಿತೆಂದುಕೊಂಡಿರಾ? ಎಲ್ಲಿಯದು! ಇಷ್ಟು ದಿನ ಮಕ್ಕಳ ಸಲುವಾಗಿ ಉರಿಯುತ್ತಿತ್ತು, ಈಗ ಪಕ್ಕದಲ್ಲಿ ಚೀಲ ಹೊತ್ತು ನಡೆಯುತ್ತಿದ್ದವಳ ಒಳ್ಳೆಯತನಕ್ಕೆ ಉರಿಯಿತು. ಅದನ್ನು ತಾನು ಕಲಿಸಿರಲಿಲ್ಲ.