ದೊಡ್ಡಪತ್ರೆ ಮತ್ತು ಸಾಕಮ್ಮನ ಮಾತ್ರೆ

ಸಾಕಮ್ಮನವರೇ, ನೀವು ಮಾತ್ರೆ ಬಿಟ್ಟಿದ್ದು ಹಟದಿಂದಲ್ಲ. ಬಿಡಿಸಿದವಳು ನಾನು. ಆಮೇಲೆ ಡಾಕ್ಟರ ಎದುರು ಸುಳ್ಳು ಹೇಳಿದವಳೂ ನಾನೇ.

ಹಾಸನದ ಪ್ರಯೋಗಾಲಯದಲ್ಲಿ ನಾನಾಗ ಸಂಶೋಧನಾ ವಿದ್ಯಾರ್ಥಿನಿ. ಸಕ್ಕರೆ ಕಾಯಿಲೆಯ ನಿಮ್ಮ ಬಾಯಲ್ಲಿ ಯೀಸ್ಟ್ ಸೋಂಕಿನ ಬಿಳಿ ಅಗ್ರ ಕಟ್ಟಿತ್ತು. ಮಾಮೂಲಿ ಮಾತ್ರೆಗೆ ಅದು ಜಗ್ಗದೆ ಡಾಕ್ಟರು ಬೇರೆಯದು ಶುರುಮಾಡಿದ್ದರು, ನಿಧಾನವಾಗಿ ಗುಣವಾಗುತ್ತಿತ್ತು. ನಿಮ್ಮ ನಾಲಿಗೆಯಿಂದ ಹತ್ತಿಯಲ್ಲಿ ಒರೆಸಿ ತಂದ ಯೀಸ್ಟ್ ನನ್ನ ಗಾಜಿನ ತಟ್ಟೆಗಳಲ್ಲಿ ಬೆಳೆಯುತ್ತಿತ್ತು. ನಿಮಗೆ ಅದೇ ತಮಾಷೆ.

“ನನ್ ಬಾಯ್ ಬೂಷ್ಟ್ನ ಸಾಕ್ಕಂಡಿದ್ದೀಯಂತಲ್ಲವ್ವಾ, ಆಲು ಕೊಡ್ತದಾ ಅದು?”

ಆ ದಿನ — ನೆನೆದರೆ ಈಗಲೂ ಎದೆ ಕುಣಿಯುತ್ತದೆ, ನಾಚಿಕೆಯಿಲ್ಲದ ಎದೆ. ಮಾಮೂಲಿ ಔಷಧಿ ಹಾಕಿದ ತಟ್ಟೆಯಲ್ಲಿ ಯೀಸ್ಟ್ ಸೊಂಪಾಗಿ ಬೆಳೆದಿತ್ತು. ಬರೀ ದೊಡ್ಡಪತ್ರೆಯ ಸಾರ ಹಾಕಿದ್ದರಲ್ಲೂ ಬೆಳೆದಿತ್ತು. ಎರಡನ್ನೂ ಸೇರಿಸಿದ ತಟ್ಟೆಯಲ್ಲಿ — ರೂಪಾಯಿ ನಾಣ್ಯದಗಲ ಖಾಲಿ! ಸೋತ ಔಷಧಿ ಎದ್ದು ನಿಂತಿತ್ತು! ಅದೂ ಮಕ್ಕಳ ಕೆಮ್ಮಿಗೆ ರಸ ಹಿಂಡುವ ಸೊಪ್ಪಿನಿಂದ! ಕಿಟಕಿಯ ಬಿಸಿಲಿಗೆ ತಟ್ಟೆ ಹಿಡಿದು ಕುಣಿದೆ ಎಂದು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಆ ಕೋಣೆಗೆ ಕಿಟಕಿಯೇ ಇರಲಿಲ್ಲ. ಬಿಸಿಲು ಬೇಕೆನಿಸಿದರೆ ನೆನಪು ಗೋಡೆ ಒಡೆಯುತ್ತದೆ. ಕುಣಿದದ್ದಂತೂ ನಿಜ.

ಅದೇ ಕುಣಿತದಲ್ಲಿ ನಿಮ್ಮೂರು ಸಾಲಗಾಮೆಯ ಬಸ್ಸು ಹತ್ತಿದೆ. ನೀವು ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದಿರಿ.

“ಸಾಕಮ್ಮಾರೇ, ನಿಮ್ ಬೂಷ್ಟು ಸತ್ತೋಯ್ತು! ದೊಡ್ಡಪತ್ರೆಗೆ ಸತ್ತೋಯ್ತು!”

“ಅಯ್ ಸಿವ್ನೆ! ಇತ್ತಲಲ್ಲೇ ಅದೆಯಲ್ಲ ಕಣವ್ವಾ! ಅಂಗಾರೆ ಆ ಆಳ್ ಮಾತ್ರೆ ಯಾಕೆ ಬುಡು!”

ಔಷಧಿಯ ಜೊತೆ ಸೇರಿದರೆ ಮಾತ್ರ ಎನ್ನಲಿಲ್ಲ ನಾನು. ತಟ್ಟೆಯಲ್ಲಾದದ್ದು ಬಾಯಲ್ಲಾಗುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ ಎಂದೂ ಅನ್ನಲಿಲ್ಲ. ನಕ್ಕೆ. ನಿಮ್ಮ ಹಿಗ್ಗು ನನಗೆ — ಹೇಗೆ ಹೇಳಲಿ — ಚಪ್ಪಾಳೆಯಂತೆ ಕೇಳುತ್ತಿತ್ತು.

ನೀವು ಸೊಪ್ಪು ಅಗಿದಿರಿ, ಮಾತ್ರೆ ಬಿಟ್ಟಿರಿ. ಅಗ್ರ ಗಂಟಲಿಗಿಳಿಯಿತು. ನೀರೂ ನುಂಗಲಾಗದೆ ಆಸ್ಪತ್ರೆ ಸೇರಿದಿರಿ. ಮಂಚದ ಪಕ್ಕ ನಿಮ್ಮ ಸೊಸೆ ಗೀತಾ ಇದ್ದರು. ನಾನೂ ಇದ್ದೆ.

“ಮಾತ್ರೆ ಬಿಡು ಅಂತ ಯಾರಮ್ಮ ಹೇಳಿದ್ದು?” ಡಾಕ್ಟರು ಗದರಿದರು.

ನೀವು ನನ್ನನ್ನು ನೋಡಿದಿರಿ. ನಾನು ಡಾಕ್ಟರನ್ನು ನೋಡಿದೆ.

“ಇವ್ರು ಹಿಂಗೇ ಸಾ. ಹೇಳಿದ್ ಮಾತು ಕೇಳಲ್ಲ,” ಎಂದೆ.

ಬಿರಿದ ತುಟಿಯಲ್ಲೇ ನೀವು, “ಊಂ ಸಾ, ನಂದೇ ತಪ್ಪು ಕಣ್ ಸಾ” ಎಂದಿರಿ. ನನ್ನ ಓದು ಕೆಡದಿರಲಿ ಎಂದೋ, ಇಲ್ಲ — ನಿಮ್ಮ ಮನಸ್ಸನ್ನೂ ನಾನೇ ಕಟ್ಟಿ ಹೇಳಬಾರದು.

ವರ್ಷಗಳಾದವು. ಸೊಪ್ಪು ಮತ್ತು ಔಷಧಿ ಬೆರೆಸುವ ಕೆಲಸ ಇನ್ನೂ ನನ್ನದೇ. ತಟ್ಟೆ ಖಾಲಿಯಾದರೆ ಇನ್ನೂ ಕುಣಿಯುತ್ತೇನೆ. ಹೋದ ವಾರ, ಹೊಸ ಫಲಿತಾಂಶದ ಹುರುಪಿನಲ್ಲೇ ನಿಮ್ಮ ಮನೆಗೆ ಬಂದೆ. ಆಸ್ಪತ್ರೆಯ ಆ ದಿನದಿಂದ ನಿಮ್ಮ ಮಾತ್ರೆಗಳನ್ನು ಮುಚ್ಚಿಟ್ಟಿರುವ ಬೀರುವಿನ ಬೀಗವನ್ನು ಗೀತಾ ತೆಗೆದರು, ಸಕ್ಕರೆ ಕಾಯಿಲೆಯ ಮಾತ್ರೆ ನಿಮ್ಮ ಬಾಯಿಗೆ ತಾವೇ ಹಾಕಿದರು, ನುಂಗಿದಿರೋ ಇಲ್ಲವೋ ಎಂದು ಬಾಯಿ ತೆರೆಸಿ ನೋಡಿದರು. ಮೊಮ್ಮಕ್ಕಳು ನಕ್ಕರು. ಮನೆಯನ್ನೇ ನಡೆಸಿದ ನೀವು ಸುಮ್ಮನೆ “ಆ” ಎಂದಿರಿ.

ಡಾಕ್ಟರಿಗೆ ಇಂದು ಬೆಳಿಗ್ಗೆ ಎಲ್ಲವನ್ನೂ ಹೇಳಿ ಬಂದೆ. ನಿಮಗೆ ಓದಲು ಬರುವುದಿಲ್ಲ. ಈ ಪತ್ರವನ್ನು ಗಟ್ಟಿಯಾಗಿ ಓದುವವರು ಯಾರೆಂದು ಗೊತ್ತಿದ್ದೇ ಬರೆದಿದ್ದೇನೆ.

ಗೀತಾ ಅವರೇ, ನಿಮ್ಮತ್ತೆ ಹಟಮಾರಿಯಲ್ಲ. ನನ್ನ ಮಾತು ನಂಬಿದರು, ಅಷ್ಟೇ. ಬೀರುವಿನ ಬೀಗದಕೈ ಅವರಿಗೆ ಕೊಡಿ.