ಚಕ್ರದ ಮುಂದಿನ ನಿಂಬೆಹಣ್ಣು

ನವರಾತ್ರಿ ಹತ್ತಿರ ಬಂದಿತ್ತು. ಬಚ್ಚಲಲ್ಲಿ ಮಣೆ ಹಾಕಿಕೊಂಡು ಕೂತು ದೇವರ ದೀಪಗಳಿಗೆ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದೆ. ನಲ್ಲಿಯಲ್ಲಿ ನೀರು ಇನ್ನೂ ನಿಂತಿರಲಿಲ್ಲ. ದಿಲ್ಲಿಯ ಅಂಚಿನ ನಮ್ಮ ಗಲ್ಲಿಯಲ್ಲಿ ಬೆಳಗಿನ ಮೊದಲ ಕೃಪೆ ಅಂದರೆ ಅದೇ. ಕೈಯೆಲ್ಲ ಹುಣಸೆಯ ರಾಡಿಯಾಗಿದ್ದಾಗ ಫೋನು ಬಡಿದುಕೊಂಡಿತು. ಮೂಗಿನ ತುದಿಯಿಂದ ಒತ್ತಿ ಸ್ಪೀಕರಿಗೆ ಹಾಕಿದೆ.

“ಅಮ್ಮಾ, ಆರ್ಡರ್ ಬಂತು,” ಅಂದಳು ಮಗಳು. “ಡ್ರೈವರ್ ಪಟ್ಟೀಲಿ ನನ್ನ ಹೆಸರಿದೆ. ಇವತ್ತು ಮಧ್ಯಾಹ್ನದಿಂದ್ಲೇ ಗಾಡಿ ನಂದು.”

“ಇನ್ನೊಂದು ಸಲ ಹೇಳು.”

“ಗಾಡಿ ನಂದು, ಅಮ್ಮಾ. ಸಚ್ಚಿ, ನಿಜವಾಗ್ಲೂ.”

ತಿಕ್ಕಿದ ದೀಪವನ್ನೇ ಮತ್ತೆ ತಿಕ್ಕಿದೆ. ನಲ್ಲಿ ಸುರಿಯುತ್ತಲೇ ಇತ್ತು. ಕೊನೆಗೆ, “ಊಟ ಆಯ್ತಾ?” ಎಂದು ಕೇಳಿದೆ. ಅವಳು ನಕ್ಕಳು. ಬೆಳಗಿನ ತಿಂಡಿಯೂ ಆಗದ ಹೊತ್ತು ಅದು.

ನನ್ನ ಮಗಳು ಪೊಲೀಸ್ ಕಾನ್‌ಸ್ಟೇಬಲ್. ಗಸ್ತಿನ ವ್ಯಾನಿನಲ್ಲಿ ಅವಳ ಕೆಲಸ. ಆ ವ್ಯಾನಿನಲ್ಲಿ ಚಾಲಕ ಒಬ್ಬ, ಪಕ್ಕದಲ್ಲಿ ಹೆಡ್ ಕಾನ್‌ಸ್ಟೇಬಲ್, ಹಿಂದಿನ ಸೀಟಿನಲ್ಲಿ ಇವಳು. ಯಾವುದಾದರೂ ಮನೆಯಲ್ಲಿ ಹೆಂಗಸೊಬ್ಬಳು ಅಳುತ್ತಿದ್ದರೆ ಆಗ ಇವಳನ್ನು ಇಳಿಸುತ್ತಿದ್ದರು. “ಲೇಡಿ ಮ್ಯಾಟರ್ ಇದ್ರೆ ನಾನು, ಇಲ್ದಿದ್ರೆ ನಾನೂ ಒಂದು ಸ್ಟೆಪ್ನಿ,” ಎನ್ನುತ್ತಿದ್ದಳು. ಸ್ಟೆಪ್ನಿ ಅಂದರೆ ಗಾಡಿಯ ಹಿಂದೆ ಕಟ್ಟಿಕೊಂಡು ತಿರುಗುವ ಹೆಚ್ಚುವರಿ ಚಕ್ರ. ಹೇಳುವಾಗ ನಗುತ್ತಿದ್ದಳು, ಆದರೆ ನಾನು ಅವಳ ತಾಯಿ. ನಗುವಿನಲ್ಲಿ ಎಷ್ಟು ನಗು ಇದೆ ಎಂದು ನನಗೆ ಗೊತ್ತಾಗುತ್ತಿತ್ತು.

ಗಾಡಿ ಓಡಿಸುವುದು ಅವಳಿಗೆ ಬಾರದ ವಿದ್ಯೆಯೇನೂ ಅಲ್ಲ. ನಮ್ಮ ಯಜಮಾನರು ಚಾಣಕ್ಯಪುರಿಯ ಅತಿಥಿಗೃಹವೊಂದರಲ್ಲಿ ಕಾರಿನ ಚಾಲಕರು. ನಮ್ಮ ರಾಜ್ಯದಿಂದ ಬರುವ ಅಧಿಕಾರಿಗಳು, ಅವರ ಹೆಂಡಂದಿರು, ಅವರ ಬೀಗರು, ಎಲ್ಲರನ್ನೂ ಈ ಊರೆಲ್ಲ ಸುತ್ತಿಸಿದವರು. ಮಗಳು ಕಾಲೇಜಿನಲ್ಲಿರುವಾಗಲೇ ಅವಳಿಗೆ ಕಲಿಸಿ ಲೈಸೆನ್ಸ್ ಮಾಡಿಸಿಕೊಟ್ಟಿದ್ದರು. ಆದರೂ ಅವಳು ಮೊದಲ ಸಲ, “ಅಪ್ಪಾ, ನಾನು ಪೊಲೀಸ್ ವ್ಯಾನ್ ಓಡಿಸ್ಬೇಕು,” ಎಂದಾಗ ಅವರು ಚಹಾದ ಲೋಟ ಕೆಳಗಿಟ್ಟು, “ಇಷ್ಟು ವರ್ಷದಲ್ಲಿ ಸರ್ಕಾರಿ ಗಾಡಿಯ ಸ್ಟೇರಿಂಗ್ ಹಿಡಿದ ಹೆಣ್ಣುಮಗಳನ್ನ ನಾನಂತೂ ನೋಡಿಲ್ಲ ಪುಟ್ಟಾ,” ಎಂದಿದ್ದರು.

“ಈಗ ನೋಡ್ತೀರಿ ಬಿಡಿ,” ಅಂದಿದ್ದಳು ಅವಳು. ಮಾತು ಅಲ್ಲಿಗೇ ನಿಂತಿತ್ತು.

ಆಮೇಲೆ ಒಂದು ಮಧ್ಯಾಹ್ನ ಬಂತು. ಅವಳು ಡ್ಯೂಟಿ ಮುಗಿಸಿ ಮನೆಗೆ ಬಂದು, ಬೆಲ್ಟನ್ನೂ ಬಿಚ್ಚದೆ ಟ್ಯಾಂಕಿನ ನಲ್ಲಿಯ ಕೆಳಗೆ ಮುಖ ಹಿಡಿದು ನಿಂತುಬಿಟ್ಟಳು. ನೀರು ಕಾಲರಿನೊಳಗೆ ಹೋಗುತ್ತಿದ್ದರೂ ಸರಿಯಲಿಲ್ಲ. ನಾನೇ ಹೋಗಿ ನಲ್ಲಿ ತಿರುಗಿಸಿದೆ.

ಆದದ್ದು ಇಷ್ಟು. ಚಾಲಕ ಊಟಕ್ಕೆಂದು ಮನೆಗೆ ಹೋಗಿದ್ದ. ಹೋಗುವಾಗ ಕೀಲಿಯನ್ನು ಇವಳ ಕೈಗೆ ಕೊಟ್ಟಿದ್ದ. ಅಷ್ಟರಲ್ಲಿ ವೈರ್‌ಲೆಸ್ಸಿನಲ್ಲಿ ಕರೆ ಬಂತು. ಹತ್ತಿರದ್ದೇ ಒಂದು ಗಲ್ಲಿಯಲ್ಲಿ ಗಂಡ ಹೆಂಡತಿಯನ್ನು ಕೋಣೆಯೊಳಗೆ ಹಾಕಿಕೊಂಡು ಹೊಡೆಯುತ್ತಿದ್ದ. ಹೆಡ್ ಕಾನ್‌ಸ್ಟೇಬಲ್‌ಗೆ ಗಾಡಿ ಬರುವುದಿಲ್ಲ. ಇವಳು, “ನಾನು ಓಡಿಸ್ತೀನಿ ಸರ್,” ಎಂದಳು. ಅವರು ಕೆಟ್ಟವರಲ್ಲ, ಹೆದರಿದರು. “ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ ಬೇಟಾ. ಎಲ್ಲಾದರೂ ಒಂದು ಗೀರು ಬಿದ್ದರೂ ನನ್ನ ನೌಕರಿ ಹೋಗತ್ತೆ,” ಎಂದರಂತೆ. ಚಾಲಕ ಕೈ ತೊಳೆದುಕೊಂಡು ಓಡಿ ಬರುವವರೆಗೂ ಕಾದರು. ಅವರು ಅಲ್ಲಿ ಮುಟ್ಟುವಷ್ಟರಲ್ಲಿ ಅಕ್ಕಪಕ್ಕದವರು ಬಾಗಿಲು ಮುರಿದು ಆ ಹೆಂಗಸನ್ನು ಆಟೊದಲ್ಲಿ ಆಸ್ಪತ್ರೆಗೆ ಸಾಗಿಸಿದ್ದರು. ಜೀವ ಉಳಿಯಿತು. ಕೈ ಮುರಿದಿತ್ತು.

“ಅಪ್ಪಾ, ಕೀಲಿ ನನ್ನ ಕೈಯಲ್ಲೇ ಇತ್ತು,” ಎಂದಳು ಮಗಳು.

ನಮ್ಮ ಯಜಮಾನರು ಎದ್ದು ಅಂಗಿ ತೊಟ್ಟುಕೊಂಡು ಹೊರಗೆ ಹೋದರು. ನಮ್ಮೂರಿನ ಕಡೆಯ ಒಬ್ಬರು ಇಲ್ಲಿ ಶಾಲಾ ವ್ಯಾನ್ ಓಡಿಸುತ್ತಾರೆ. ಭಾನುವಾರ ಅದು ಖಾಲಿ ನಿಂತಿರುತ್ತದೆ. ಅದನ್ನು ಕೇಳಿಕೊಂಡು ಬಂದರು.

“ಚಾಣಕ್ಯಪುರಿಯ ರಸ್ತೆಗೆ ಹೋಗೋಣ್ವಾ ಅಪ್ಪಾ? ಅಗಲವಾಗಿದೆ,” ಎಂದಳು ಅವಳು.

“ಅಲ್ಲಿ ಎಮ್ಮೆಯೂ ಗಾಡಿ ಓಡಿಸತ್ತೆ. ನೀನು ಈ ಗಲ್ಲೀಲಿ ರಿವರ್ಸ್ ಹೊಡಿ.”

ನಮ್ಮ ಗಲ್ಲಿಯಲ್ಲಿ ತರಕಾರಿ ಗಾಡಿ ನಿಂತರೆ ಸ್ಕೂಟರು ಹೋಗುವುದಿಲ್ಲ. ಅಲ್ಲಿ ಭಾನುವಾರ ಬೆಳಗಾದರೆ ಶಾಲಾ ವ್ಯಾನು ಹಿಂದೆ ಮುಂದೆ ಹೋಗುತ್ತಿತ್ತು. ಅವಳು ನಿಲ್ಲಿಸುವುದನ್ನು ಸರಿಯಾಗಿ ಕಲಿಯಲೆಂದು ನಮ್ಮ ಯಜಮಾನರು ತಮ್ಮ ಕಾಲಿನ ಚಪ್ಪಲಿ ಬಿಚ್ಚಿ ಚಕ್ರದ ಮುಂದೆ ಇಡುತ್ತಿದ್ದರು. “ಚಪ್ಪಲಿಗೆ ಟೈರ್ ತಾಗ್ಬೇಕು, ಆದ್ರೆ ಹತ್ಬಾರ್ದು. ಹತ್ತಿದ್ರೆ ಹೊಸದು ನೀನೇ ಕೊಡಿಸ್ಬೇಕು.” ಮೊದಲ ಸಲ ಹತ್ತಿಯೇಬಿಟ್ಟಳು. ಆ ಟೈರಿನ ಗುರುತಿನ ಚಪ್ಪಲಿಯನ್ನೇ ಹಾಕಿಕೊಂಡು ಅವರು ಕೆಲಸಕ್ಕೆ ಹೋದರು. ಯಾರೋ ಕೇಳಿದರೆ, “ಮಗಳು ಪೊಲೀಸು, ಚಪ್ಪಲಿಗೂ ಮುದ್ರೆ ಒತ್ತಿದ್ದಾಳೆ,” ಎಂದರಂತೆ.

ಕೆಳಗಿನ ಮನೆಯ ಆಂಟಿ ಬಾಲ್ಕನಿಯಿಂದ ಬಗ್ಗಿ, “ಹುಡುಗಿಗೆ ಅಡುಗೆ ಕಲಿಸೋ ವಯಸ್ಸಲ್ಲಿ ಗೇರ್ ಕಲಿಸ್ತಿದ್ದೀರಾ?” ಎಂದು ಹಿಂದಿಯಲ್ಲಿ ಕೇಳಿದಳು. “ಅಡುಗೆ ಅವಳಪ್ಪ ಕಲಿತಿದ್ದಾರೆ, ಮನೇಲಿ ಒಬ್ಬರಿಗೆ ಬಂದ್ರೆ ಸಾಕು,” ಎಂದೆ ನಾನು. ಯಜಮಾನರಿಗೆ ಬರುವುದು ಉಪ್ಪಿಟ್ಟು ಮಾತ್ರ. ಅದನ್ನು ಆಂಟಿಗೆ ಹೇಳುವ ಅಗತ್ಯವಿರಲಿಲ್ಲ.

ಚಾಲಕರ ಪರೀಕ್ಷೆಗೆ ಅರ್ಜಿ ಕರೆದಾಗ ಮಗಳು ಹಾಕಿದಳು. ಹೆಂಗಸರು ಹಾಕಬಾರದು ಎಂದು ಎಲ್ಲಿಯೂ ಬರೆದಿರಲಿಲ್ಲ. ಯಾರೂ ಹಾಕಿರಲಿಲ್ಲ, ಅಷ್ಟೆ. ಪರೀಕ್ಷೆಯ ದಿನ ನಾನು ದೇವಿಯ ಮುಂದಿಟ್ಟು ಪೂಜಿಸಿದ ನಿಂಬೆಹಣ್ಣೊಂದನ್ನು ಅವಳ ಕೈಗೆ ಕೊಟ್ಟೆ. ಆಯುಧಪೂಜೆಯ ದಿನ ಅತಿಥಿಗೃಹದ ಕಾರುಗಳಿಗೆಲ್ಲ ಹಾಗೆ ಮಾಡುತ್ತಾರೆ. ಸಾಲಾಗಿ ನಿಲ್ಲಿಸಿ, ಹೂವು ಕುಂಕುಮ ಇಟ್ಟು, ಚಕ್ರದ ಕೆಳಗೆ ನಿಂಬೆಹಣ್ಣು. ಅದು ಅಪ್ಪಚ್ಚಿಯಾಗುವಂತೆ ಗಾಡಿ ಮುಂದೆ ಹೋದರೆ ದೃಷ್ಟಿ ಕಳೆಯಿತು ಎಂದು. ಪ್ರತಿವರ್ಷ ನಾವು ಹೆಂಗಸರು ಆರತಿ ತಟ್ಟೆ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದೆವು. ಒಳಗೆ ಕೂರುತ್ತಿದ್ದವರು ಗಂಡಸರು.

“ಚಕ್ರದ ಮುಂದೆ ಇಡು, ಸಾಕು. ಉಳಿದದ್ದು ದೇವಿ ನೋಡ್ಕೊಳ್ತಾಳೆ,” ಎಂದು ಹೇಳಿ ಕಳಿಸಿದೆ.

ಮಗಳು ದಿಲ್ಲಿಯಲ್ಲಿ ಬೆಳೆದವಳು, ಶಾಸ್ತ್ರದ ಸೂಕ್ಷ್ಮ ಗೊತ್ತಿಲ್ಲ. ನಾನು ಹೇಳಿದಷ್ಟನ್ನೇ ಮಾಡಿದಳು. ಎಲ್ಲರಿಗಿಂತ ಮೊದಲೇ ಮೈದಾನಕ್ಕೆ ಹೋಗಿ ವ್ಯಾನಿನ ಮುಂಚಕ್ರದ ಎದುರು ನಿಂಬೆಹಣ್ಣು ಇಟ್ಟು ಬಂದಳು. ಆದರೆ ಕರೆಯುವಾಗ ಗಂಡಸರ ಹೆಸರೆಲ್ಲ ಮೊದಲು, ಇವಳ ಹೆಸರು ಕೊನೆಗೆ. ಜತೆಗೆ ಪರೀಕ್ಷೆಯಲ್ಲಿ ಗಾಡಿ ನಿಂತ ಜಾಗದಿಂದ ಮುಂದೆ ಹೋಗುವುದೇ ಇಲ್ಲ. ಮೊದಲು ರಿವರ್ಸಿನಲ್ಲಿ, ಸಾಲಾಗಿಟ್ಟ ಡ್ರಮ್ಮುಗಳ ನಡುವೆ ಹೋಗಿ, ಆಮೇಲೆ ಬಂದ ದಾರಿಯಲ್ಲೇ ಮುಂದೆ ಬಂದು ಮೊದಲಿದ್ದ ಜಾಗದಲ್ಲೇ ನಿಲ್ಲಿಸಬೇಕು.

ವಾಹನ ವಿಭಾಗದ ಇನ್ಸ್‌ಪೆಕ್ಟರ್ ಬಂದರು. ನಿಂಬೆಹಣ್ಣು ಕಂಡಿತು. “ಈ ಗುರುತು ಯಾರಿಟ್ಟದ್ದು?” ಎಂದರು. ಇವಳು ಬೂಟಿನ ಲೇಸು ಕಟ್ಟಲು ಬಗ್ಗಿದಳು. ಅವರು ತಾವೇ ತಲೆಯಾಡಿಸಿದರು. “ಒಳ್ಳೇದಾಯ್ತು. ಸುಣ್ಣದ ಗೆರೆ ಎಳೆದರೆ ಮುಟ್ಟಿದೆ, ಮುಟ್ಟಿಲ್ಲ ಅಂತ ಎಲ್ಲರೂ ಜಗಳಕ್ಕೆ ಬರ್ತೀರಿ. ಚಲೋ, ಶುರು ಮಾಡಿ. ಚಕ್ರ ನಿಂಬೆಹಣ್ಣಿನ ಹತ್ತಿರ ವಾಪಸ್ ಬರಬೇಕು. ಹಣ್ಣು ಒಡೀಬಾರದು.”

ಮೊದಲ ಹುಡುಗ ಬಂದವನೇ ನನ್ನ ದೇವಿಯ ನಿಂಬೆಹಣ್ಣನ್ನು ಅಪ್ಪಚ್ಚಿ ಮಾಡಿದ. ಗೇಟಿನ ಹೊರಗೆ ನಿಂಬೂಪಾನಿ ಮಾರುವ ಭಯ್ಯಾನಿಂದ ಹಣ್ಣಿನ ಬುಟ್ಟಿಯನ್ನೇ ತರಿಸಿದರು. ಎರಡನೆಯವನದ್ದೂ ಒಡೆಯಿತು. ಅದಾದ ಮೇಲೆ ಬಂದವರು ಹೆದರಿ ಅಷ್ಟು ದೂರದಲ್ಲೇ ಬ್ರೇಕ್ ಹಾಕಿದರು. “ಅಲ್ಲಿಂದ ನಿಂಬೆಹಣ್ಣಿಗೆ ಫೋನ್ ಮಾಡ್ಬೇಕಾ?” ಎಂದು ಇನ್ಸ್‌ಪೆಕ್ಟರ್ ಬೈದರಂತೆ.

ಕೊನೆಗೆ ಇವಳು ಹತ್ತಿದಳು. ಹಿಂದೆ ನಿಂತಿದ್ದವರಲ್ಲಿ ಒಬ್ಬ, “ಮೇಡಂ, ನಿಂಬೂಪಾನಿಗೆ ಸ್ವಲ್ಪ ಉಪ್ಪು ಹೆಚ್ಚಿಗೆ ಹಾಕಿ,” ಎಂದ. ಎಲ್ಲರೂ ನಕ್ಕರು. ಇವಳು ಕನ್ನಡಿಯನ್ನು ತನ್ನ ಎತ್ತರಕ್ಕೆ ಸರಿಮಾಡಿಕೊಂಡು, ಡ್ರಮ್ಮುಗಳ ನಡುವೆ ಹಿಂದಕ್ಕೆ ಹೋಗಿ, ತಿರುಗಿ ಮುಂದೆ ಬಂದು ನಿಲ್ಲಿಸಿದಳು. ಇನ್ಸ್‌ಪೆಕ್ಟರ್ ಬಗ್ಗಿ ನೋಡಿದರು. ಟೈರು ಹಣ್ಣಿಗೆ ತಾಗಿತ್ತು. ಹಣ್ಣು ಹಾಗೆಯೇ ಇತ್ತು. ಅವರು ಅದನ್ನು ಎತ್ತಿ, ಧೂಳು ಒರೆಸಿ, ಇವಳ ಕೈಗೆ ಕೊಟ್ಟು, “ಯಾರು ಕಲಿಸಿದ್ದು?” ಎಂದು ಕೇಳಿದರು.

“ನಮ್ಮಪ್ಪನ ಚಪ್ಪಲಿ, ಸರ್,” ಎಂದಳಂತೆ.

ಆಮೇಲೆ ಚಕ್ರ ಬದಲಾಯಿಸುವ ಪರೀಕ್ಷೆ. ಅದೂ ಆಯಿತು. ಉಗುರಿನೊಳಗೆಲ್ಲ ಗ್ರೀಸ್ ಮಾಡಿಕೊಂಡು ಮನೆಗೆ ಬಂದು ನಿಂಬೆಹಣ್ಣನ್ನು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಳು.

“ಇದು ನಾನು ಕೊಟ್ಟದ್ದಲ್ಲ,” ಎಂದೆ.

“ನೀನು ಕೊಟ್ಟದ್ದು ಮೊದಲನೇ ಹುಡುಗನ ಚಕ್ರಕ್ಕೆ ಹೋಯ್ತಮ್ಮಾ.”

“ಅಯ್ಯೋ, ನಾನು ಮಾಡಿದ ಪೂಜೆಯೆಲ್ಲ ಅವನ ಪಾಲಾಯ್ತಲ್ಲೇ.”

“ಆಗ್ಲಿ ಬಿಡೇ,” ಎಂದರು ನಮ್ಮ ಯಜಮಾನರು. “ಅವನಿಗೂ ಒಬ್ಬಳು ತಾಯಿ ಇರ್ತಾಳೆ.”

ಒಡೆಯದ ಹಣ್ಣನ್ನು ಏನು ಮಾಡುವುದು ಎಂದು ನನಗೆ ತಿಳಿಯಲಿಲ್ಲ. ಶಾಸ್ತ್ರದ ಪ್ರಕಾರ ಅದು ಒಡೆಯಬೇಕಿತ್ತು. ಒಡೆದಿದ್ದರೆ ಮಗಳು ಫೇಲಾಗುತ್ತಿದ್ದಳು. ದೇವಿಯ ಮುಂದೆ ಇಟ್ಟು ಸ್ವಲ್ಪ ಹೊತ್ತು ಕೂತೆ. ಆಮೇಲೆ ಎದ್ದು, ಮನೆಯಲ್ಲಿದ್ದ ಬೇರೆ ನಿಂಬೆಹಣ್ಣುಗಳ ಜತೆ ಅದನ್ನೂ ಹೋಳು ಮಾಡಿ ಉಪ್ಪಿನಲ್ಲಿ ಹಾಕಿ ಜಾಡಿಗೆ ಬಟ್ಟೆ ಕಟ್ಟಿದೆ. ದೇವಿ ಸುಮ್ಮನೆ ಕೊಟ್ಟದ್ದನ್ನು ಕೆಡಿಸಬಾರದು. ಅಷ್ಟು ಮಾತ್ರ ನನಗೆ ಗೊತ್ತು.

ಫಲಿತಾಂಶ ಬೇಗ ಬರಲಿಲ್ಲ. ಇವಳು ಪಾಸಾಗಿದ್ದಾಳೆ ಎಂದು ಎಲ್ಲರಿಗೂ ಗೊತ್ತಿತ್ತು, ಪಟ್ಟಿ ಮಾತ್ರ ಹೊರಡಲಿಲ್ಲ. ಮೇಲಿನವರಲ್ಲಿ ಯಾರೋ, “ಹೆಣ್ಣುಮಗಳು, ಅವೇಳೆಯಲ್ಲಿ ಗಾಡಿ ಕೆಟ್ಟು ನಿಂತರೆ?” ಎಂದು ಕೇಳಿದ್ದರಂತೆ. ಅದಕ್ಕೆ ಆ ಇನ್ಸ್‌ಪೆಕ್ಟರ್, “ಅವಳು ರಿಪೇರಿ ಮಾಡ್ತಾಳೆ ಸರ್. ಉಳಿದವರು ಮೆಕ್ಯಾನಿಕ್‌ಗೆ ಫೋನ್ ಮಾಡ್ತಾರೆ,” ಎಂದರಂತೆ. ಠಾಣೆಯವರೆಲ್ಲ ಅದನ್ನು ಹೇಳಿಕೊಂಡು ನಕ್ಕರು. ಆದರೂ ಪಟ್ಟಿ ಬರಲಿಲ್ಲ. ಮಗಳು ಹಿಂದಿನ ಸೀಟಿನಲ್ಲೇ ಕೂತು ಹೋಗಿ ಬರುತ್ತಿದ್ದಳು. ನಾನು ಪ್ರತಿದಿನ ಜಾಡಿಯನ್ನು ಬಿಸಿಲಿಗಿಟ್ಟು, ಅಲ್ಲಾಡಿಸಿ, ಒಳಗೆ ತರುತ್ತಿದ್ದೆ. ಬೂಷ್ಟು ಬರಲಿಲ್ಲ. ಅದೂ ಒಂದು ಕೃಪೆ ಎಂದುಕೊಂಡೆ.

ಆ ಪಟ್ಟಿ ಹೊರಟದ್ದೇ ದೀಪ ತಿಕ್ಕುತ್ತಿದ್ದ ಆ ಬೆಳಗ್ಗೆ.

ಯಜಮಾನರಿಗೆ ಫೋನು ಮಾಡಿದೆ. ಅವರು ವಿಮಾನ ನಿಲ್ದಾಣದಲ್ಲಿ ಯಾರಿಗೋ ಕಾಯುತ್ತಿದ್ದರು. “ಹೂಂ,” ಎಂದರು. ಮತ್ತೆ “ಹೂಂ,” ಎಂದರು. “ರೀ, ಅಳ್ತಿದ್ದೀರಾ?” ಎಂದೆ. “ಎಸಿ ಗಾಳಿ ಕಣ್ಣಿಗೆ ಹೊಡೀತಿದೆ,” ಎಂದರು. ಫೋನಿಟ್ಟು ಬಚ್ಚಲಿಗೆ ಬಂದು ನೋಡಿದರೆ ಹುಣಸೆ ಒಣಗಿ ದೀಪಗಳ ಮೇಲೆ ಕಲೆಯಾಗಿತ್ತು. ಮೊದಲಿಂದ ತಿಕ್ಕಿದೆ. ಬೇಸರವಾಗಲಿಲ್ಲ.

ಸಂಜೆ ಇನ್ನೂ ಬೆಳಕಿರುವಾಗಲೇ ವ್ಯಾನು ನಮ್ಮ ಗಲ್ಲಿಯ ಬಾಯಿಗೆ ಬಂದು ನಿಂತಿತು. ಗಸ್ತಿನ ದಾರಿಯೇ ಅದು, ತಪ್ಪೇನಿಲ್ಲ. ಸ್ಟೇರಿಂಗಿನ ಹಿಂದೆ ನನ್ನ ಮಗಳು. ಪಕ್ಕದಲ್ಲಿ ಅವತ್ತು ಹೆದರಿದ್ದ ಅದೇ ಹೆಡ್ ಕಾನ್‌ಸ್ಟೇಬಲ್. ಹಿಂದಿನ ಸೀಟಿನಲ್ಲಿ ಹೊಸದಾಗಿ ಸೇರಿದ ಒಬ್ಬ ಹುಡುಗಿ. ನಾನು ಆರತಿ ತಟ್ಟೆ ಹಿಡಿದು ಇಳಿದೆ. ಇಷ್ಟು ವರ್ಷ ಹಿಡಿದ ಅದೇ ತಟ್ಟೆ. ಒಳಗೆ ಕೂತವರು ಮಾತ್ರ ಬೇರೆ. ಯಜಮಾನರು ಕೆಲಸದಿಂದ ನೇರವಾಗಿ ಬಂದು, ದೊಡ್ಡವರ ಕಾರು ಹೊರಡುವಾಗ ನಿಲ್ಲುವ ಹಾಗೆ ನೆಟ್ಟಗೆ ನಿಂತಿದ್ದರು.

“ಆಂಟೀಜಿ, ಈ ನಿಂಬೂ ಒಡೀಬೇಕಾ, ಉಳಿಸಬೇಕಾ?” ಎಂದು ಹೆಡ್ ಕಾನ್‌ಸ್ಟೇಬಲ್ ಕೇಳಿದರು. “ನಿಮ್ಮ ಮಗಳಿಗೆ ಎರಡೂ ಬರತ್ತೆ.”

“ಇವತ್ತು ಒಡೀಬೇಕು ಭಾಯಿಸಾಬ್.”

ಕೆಳಗಿನ ಮನೆಯ ಆಂಟಿಯೂ ಬಂದು ನಿಂತಿದ್ದಳು. ಹಿಂದಿನ ಸೀಟಿನ ಹುಡುಗಿಗೆ ಲಡ್ಡು ಕೊಡುತ್ತಾ, “ನೀನೂ ಕಲೀತೀಯಾ?” ಎಂದು ಕೇಳಿದಳು. “ಫಾರ್ಮ್ ತುಂಬಿದ್ದೀನಿ ಆಂಟಿ,” ಎಂದಳು ಆ ಹುಡುಗಿ ಬಾಯ್ತುಂಬ ಲಡ್ಡು ಇಟ್ಟುಕೊಂಡು.

ನಾನು ನಿಂಬೆಹಣ್ಣು ಇಟ್ಟು ತಲೆಯೆತ್ತುವಷ್ಟರಲ್ಲಿ ವೈರ್‌ಲೆಸ್ ಮಾತಾಡಿತು. ಯಾವುದೋ ಗಲ್ಲಿ, ಯಾವುದೋ ಮನೆ, ಗಂಡ ಹೊರಗಿನಿಂದ ಒದೆಯುತ್ತಿದ್ದ, ಹೆಂಗಸೊಬ್ಬಳು ಬಾಗಿಲು ಹಾಕಿಕೊಂಡು ಒಳಗಿನಿಂದ ಫೋನು ಮಾಡಿದ್ದಳು. ಮಗಳು ನನ್ನ ಮುಖವನ್ನೂ ನೋಡಲಿಲ್ಲ. ಕೀಲಿ ತಿರುಗಿಸಿದಳು. ಯಾರಿಗೂ ಕಾಯಲಿಲ್ಲ, ಯಾರನ್ನೂ ಕೇಳಲಿಲ್ಲ. ನಿಂಬೆಹಣ್ಣು ಚಕ್ರದ ಕೆಳಗೆ ಪಿಚಕ್ಕೆಂದಿತು. ವ್ಯಾನು ತಿರುವಿನಲ್ಲಿ ಮರೆಯಾದ ಮೇಲೂ ಸೈರನ್ನು ಕೇಳುತ್ತಲೇ ಇತ್ತು.

ಆಮೇಲೆ ಅವಳು ಫೋನಿನಲ್ಲಿ ಹೇಳಿದ್ದು ಒಂದೇ ಮಾತು. “ಅವನು ಬಾಗಿಲು ಮುರಿಯೋಕ್ ಮುಂಚೆ ಮುಟ್ಟಿದ್ವಿ ಅಮ್ಮಾ.”

ನಾನು ದೇವಿಯ ಮುಂದೆ ದೀಪ ಹಚ್ಚಿ ಅಡುಗೆಮನೆಗೆ ಬಂದೆ. ಉಪ್ಪಿನಲ್ಲಿದ್ದ ನಿಂಬೆಹೋಳು ಮೆತ್ತಗಾಗಿತ್ತು. ಮೆಂತ್ಯ, ಸಾಸಿವೆ ಹುರಿದು ಪುಡಿ ಮಾಡಿ, ಖಾರದಪುಡಿ ಸೇರಿಸಿ, ಇಂಗಿನ ಒಗ್ಗರಣೆ ಆರಲು ಬಿಟ್ಟು, ಜಾಡಿಯ ಬಟ್ಟೆ ಬಿಚ್ಚಿದೆ.